ಮೂರು ನಿಮಿಷದೊಳಗೆ

"ಮೊದಲು ದೀಪ ಆರಿಸು, ಆಮೇಲೆ ಕೆಲಸ ನೋಡು. ಇನ್ನೆಷ್ಟು ಸಲ ಹೇಳ್ಬೇಕು ನಿಂಗೆ?" ಮೇಲ್ವಿಚಾರಕಿ ಮೇಡಂ ಗೋಡೆಗೆ ಅಂಟಿಸಿದ ಪಟ್ಟಿಯನ್ನು ಪೆನ್ನಿನ ತುದಿಯಿಂದ ಕುಟ್ಟಿದರು.

ಗಿಡ್ಡಕ್ಕ ಓಡಿಬಂದು ಏದುಸಿರು ಬಿಡುತ್ತಿದ್ದಳು. ಒದ್ದೆ ಬಟ್ಟೆಯ ಗಂಟು ಇನ್ನೂ ಕಂಕುಳಲ್ಲೇ ಇತ್ತು. ಆ ವೃದ್ಧರ ಆರೈಕೆ ಮನೆಯಲ್ಲಿ ಆಯಾ ಆಗಿ ಅವಳಿಗೆ ಒಂಬತ್ತು ವರ್ಷ. ಅವಳ ಎತ್ತರ ನೋಡಿ ಯಾರೋ ಇಟ್ಟ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತೆಂದರೆ, ಹಾಜರಿಯಲ್ಲಿ ಅಸಲಿ ಹೆಸರು ಕೂಗಿದಾಗ ಅವಳೇ ಯಾರಪ್ಪಾ ಅಂತ ಅತ್ತಿತ್ತ ನೋಡುತ್ತಿದ್ದಳು.

ಪಟ್ಟಿಯ ಕಥೆ ಇಷ್ಟೇ. ಮಂಚದಲ್ಲಿದ್ದವರು ಬೆಲ್ ಒತ್ತಿದರೆ ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತದೆ. ಆ ಕ್ಷಣದಿಂದ ಆಫೀಸಿನ ಕಂಪ್ಯೂಟರಿನಲ್ಲಿ ಗಡಿಯಾರ ಓಡಲು ಶುರು. ಯಾರಾದರೂ ಹೋಗಿ ಗೋಡೆಯ ಹಸಿರು ಗುಂಡಿ ಒತ್ತಿದರೆ ದೀಪ ಆರುತ್ತದೆ, ಗಡಿಯಾರ ನಿಲ್ಲುತ್ತದೆ. ಮೂರು ನಿಮಿಷದೊಳಗೆ ನಿಂತರೆ ಸೇವೆ ಉತ್ತಮ. ಸೇವೆ ಉತ್ತಮವಾದಷ್ಟೂ ಇಲಾಖೆಯಿಂದ ಸ್ಟಾರ್ ಹೆಚ್ಚು, ಸ್ಟಾರ್ ಹೆಚ್ಚಾದಷ್ಟೂ ಮಂಚಕ್ಕಿಷ್ಟು ಎಂದು ಬರುವ ಹಣ ಹೆಚ್ಚು. ಬೆಲ್ ಒತ್ತಿದವರಿಗೆ ಬೇಕಾದದ್ದು ಸಿಕ್ಕಿತೋ ಇಲ್ಲವೋ ಅಂತ ಕೇಳುವ ಖಾನೆ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

ಉಳಿದ ಆಯಾಗಳು ಬೇಗ ಪಳಗಿದರು. ಓಡುವುದು, ಹಸಿರು ಗುಂಡಿ ಒತ್ತುವುದು, "ಒಂದ್ನಿಮಿಷ, ಬಂದೆ" ಅಂದು ಮುಂದಿನ ಕೋಣೆಗೆ ಓಡುವುದು. ಆ ಒಂದು ನಿಮಿಷ ಕೆಲವೊಮ್ಮೆ ಮಧ್ಯಾಹ್ನದ ಊಟದವರೆಗೂ ಬೆಳೆಯುತ್ತಿತ್ತು. ಗಿಡ್ಡಕ್ಕನಿಗೆ ಇದು ಒಗ್ಗಲೇ ಇಲ್ಲ. ದೀಪ ಆರಿಸಿ ಹೋದರೆ ಮರೆತೇಬಿಡುತ್ತೇನೆ ಎನ್ನುವ ಭಯ ಅವಳಿಗೆ. ಕೆಲಸ ಮುಗಿಸಿ, ಹೊದಿಕೆ ಸರಿಮಾಡಿ, ಕಟ್ಟಕಡೆಗೆ ಗುಂಡಿ. ಹಾಗಾಗಿ ಅವಳ ಹೆಸರಿನ ಮುಂದೆ ಸರಾಸರಿ ಹದಿನಾಲ್ಕು ನಿಮಿಷ.

ಮೇಡಂ ಕೆಟ್ಟವರೇನಲ್ಲ. ಪೆನ್ನಿನ ಕ್ಯಾಪು ಹಾಕುತ್ತಾ ದನಿ ತಗ್ಗಿಸಿದರು. "ಶನಿವಾರದೊಳಗೆ ಇದು ಇಳೀದಿದ್ರೆ ನಿನ್ನನ್ನ ಬಟ್ಟೆ ಒಗೆಯೋ ಕಡೆ ಹಾಕ್ತಾರೆ. ನನ್ನ ಕೈಲಿ ಏನೂ ಇಲ್ಲ."

ಬಟ್ಟೆ ಒಗೆಯಲು ಅವಳಿಗೇನು ಭಯ? ಭಯ ಇದ್ದದ್ದು ಏಳನೇ ಕೋಣೆಯದು. ಅಲ್ಲಿದ್ದ ಮುದುಕಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಲೈನ್ ಕೊಟ್ಟವರು, ಎಲ್ಲರ ಬಾಯಲ್ಲೂ ಎಕ್ಸ್‌ಚೇಂಜ್ ಅಮ್ಮ. ಯಾರಾದರೂ ಸೊಂಟಕ್ಕೆ ಕೈಕೊಟ್ಟರೆ ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ ಒಂಬತ್ತು ಹೆಜ್ಜೆ ಹಾಕುತ್ತಿದ್ದರು. ಆ ಒಂಬತ್ತಕ್ಕೆ ಕಾಲು ಗಂಟೆ ಬೇಕು. ಅಷ್ಟು ಪುರಸೊತ್ತು ಯಾರಿಗಿದೆ? ಬೇರೆಯವರು ಬಂದರೆ ಎರಡೇ ದಿನದಲ್ಲಿ, ಎಲ್ಲ ಮಂಚದಲ್ಲೇ ಆಗಲಿ ಎಂದು ಪ್ಯಾಡ್ ಕಟ್ಟುತ್ತಾರೆ. ಪ್ಯಾಡ್ ಕಟ್ಟಿಸಿಕೊಂಡವರು ಮತ್ತೆ ಎದ್ದು ನಡೆದದ್ದನ್ನು ಗಿಡ್ಡಕ್ಕ ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಅವತ್ತು ಅಮ್ಮನನ್ನು ಬಚ್ಚಲಿಗೆ ನಡೆಸಿಕೊಂಡು ಹೋಗುವಾಗ ಹೊಟ್ಟೆಯೊಳಗಿನದ್ದನ್ನೆಲ್ಲ ಗೊಣಗಿಬಿಟ್ಟಳು. ಅಮ್ಮ "ಹೌದಾ" ಅಂದರು, ಅಷ್ಟೆ. ಸಂಜೆ ಟಿವಿ ಹಾಲಿನಲ್ಲಿ ಅವರು ಗಾಲಿಕುರ್ಚಿಯನ್ನು ಒಬ್ಬೊಬ್ಬರ ಬಳಿಗೂ ತಳ್ಳಿಸಿಕೊಂಡು ಕಿವಿಯಲ್ಲಿ ಏನೋ ಹೇಳುತ್ತಿದ್ದದ್ದು ಕಾಣಿಸಿತು. ಧಾರಾವಾಹಿಯ ಸೊಸೆಯ ಚಾಡಿ ಇರಬೇಕು ಅಂದುಕೊಂಡಳು.

ಮರುದಿನದಿಂದ ಅವಳ ಹನ್ನೆರಡು ಕೋಣೆಗಳು ತಣ್ಣಗಾದವು. ಬೆಳಿಗ್ಗೆ, ಸಂಜೆ ಅವಳಾಗಿಯೇ ಸುತ್ತು ಬಂದಾಗ ಮಾಡಿಸಿಕೊಂಡದ್ದೇ ಆಯಿತು, ನಡುವೆ ಏಳನೇ ಕೋಣೆಯ ಎದುರಿದ್ದ ಮಾಜಿ ಬಸ್ ಕಂಡಕ್ಟರ್ ಎರಡು ಸಲ ಮೂತ್ರದ ಬಾಟಲಿಗೆ ಕರೆದದ್ದು ಬಿಟ್ಟರೆ ಯಾರದೂ ಕರೆಯಿಲ್ಲ. ತುಂಬಿಟ್ಟ ನೀರಿನ ಜಗ್ಗುಗಳು ತುಂಬಿದಂತೆಯೇ ಅಡುಗೆಮನೆಗೆ ವಾಪಸ್ಸು. "ನಿಮ್ಮ ಕಡೆಯವರೆಲ್ಲ ಒಂಟೆ ಜಾತಿಯವರೇನ್ರೀ?" ಎಂದು ಅಡುಗೆಯವನು ನಕ್ಕ. ಅವಳೂ ನಕ್ಕಳು. ಸದ್ಯ, ದೇವರು ಕಣ್ಣು ಬಿಟ್ಟ ಅನ್ನಿಸಿತೇ ಹೊರತು ಬೇರೇನೂ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಮೇಡಂ ಎಲ್ಲರೆದುರು ಅವಳನ್ನು ಕರೆದು ನಿಲ್ಲಿಸಿದರು. ಎರಡು ನಿಮಿಷ, ಇಡೀ ಕಟ್ಟಡಕ್ಕೇ ಮೊದಲು. ಕಾಗದದ ಸ್ಟಾರೊಂದನ್ನು ಅವಳ ಏಪ್ರನ್ನಿಗೆ ಪಿನ್ನು ಹಾಕಿ ಚುಚ್ಚಿದರು. ಅದನ್ನು ತೋರಿಸಲು ಗಿಡ್ಡಕ್ಕ ಏಳನೇ ಕೋಣೆಗೆ ಓಡಿದಳು.

ಬಾಗಿಲಲ್ಲೇ ವಾಸನೆ ಬಡಿಯಿತು. ಅಮ್ಮ ಗೋಡೆ ಕಡೆ ತಿರುಗಿ ಕೊರಡಿನಂತೆ ಮಲಗಿದ್ದರು. ಸೀರೆ ಸೊಂಟದ ಕೆಳಗೆ ಒದ್ದೆ, ತುಟಿ ಒಣಗಿ ಬಿರುಕು. ಬೆಲ್ಲಿನ ವೈರು ದಿಂಬಿನ ಪಕ್ಕದಲ್ಲೇ, ಕೈಗೆಟಕುವ ಹಾಗೇ ಬಿದ್ದಿತ್ತು.

"ಯಾಕಮ್ಮಾ ಒತ್ತಲಿಲ್ಲ?"

ಅಮ್ಮ ಮೆಲ್ಲಗೆ ತಿರುಗಿ ಮೊದಲು ಸ್ಟಾರನ್ನು ನೋಡಿದರು. "ಇಳೀತಾ ನಿನ್ನ ನಂಬರು?"

"ಇಳೀತು."

"ಮತ್ತೇನು, ಬಿಡು. ಎಲ್ಲಾ ರೂಮಿಗೂ ಹೇಳಿದ್ದೆ, ಶನಿವಾರದ ತನಕ ಯಾರೂ ಬೆಲ್ ಒತ್ಬೇಡಿ, ನೀರು ಕಮ್ಮಿ ಕುಡೀರಿ, ಹುಡುಗೀನ ಉಳಿಸ್ಕೊಳ್ಳೋಣ ಅಂತ. ಆ ಎದುರು ರೂಮಿನ ಕಂಡಕ್ಟರ್ ಒಬ್ಬ ತಡ್ಕೊಳ್ಳಲಾರದೆ ಎರಡು ಸಲ ಒತ್ತಿದ. ಬೈದಿದ್ದೀನಿ."

ಗಿಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಎಗರಾಡುವುದು? ಪಟ್ಟಿಯ ಮೇಲೋ, ಮೇಡಂ ಮೇಲೋ, ಈ ಮುದಿಜೀವದ ಮೇಲೋ, ಮೂರು ದಿನ ನಗುತ್ತಾ ತುಂಬಿದ ಜಗ್ಗು ಹೊತ್ತ ತನ್ನ ಮೇಲೋ? ಅಮ್ಮನಿಗೆ ಎರಡು ಗುಟುಕು ನೀರು ಕುಡಿಸಿದಳು. ವಾಕರ್ ಎಳೆದು ಮಂಚಕ್ಕೆ ತಾಗಿಸಿದಳು. ಆಮೇಲೆ ಬೆಲ್ಲನ್ನು ತಾನೇ ಕೈಗೆತ್ತಿಕೊಂಡು ಒತ್ತಿದಳು.

"ಏ, ಏನೇ ಇದು? ಟೈಮು ಓಡತ್ತೆ ಅಲ್ಲಿ."

"ಓಡ್ಲಿ. ನೀವು ನಿಧಾನಕ್ಕೆ ಏಳಿ."

ಎದ್ದು ನಿಲ್ಲಲು ಮೂರು ಸಲ ಬೇಕಾಯಿತು. ಮೂರು ದಿನ ನಡಿಗೆ ಕಮ್ಮಿಯಾದದ್ದಕ್ಕೇ ಮಂಡಿಗಳು ಗುರುತು ಮರೆತವರಂತೆ ಆಡುತ್ತಿದ್ದವು. ಒಂದು ಹೆಜ್ಜೆ. ಇನ್ನೊಂದು. ಮೂರನೆಯದಕ್ಕೆ ಅಮ್ಮ ಏದುಸಿರು ಬಿಡುತ್ತಾ ಅವಳ ಹೆಗಲಿಗೆ ತಲೆ ಆನಿಸಿದರು; ಹಣೆಗೆ ಒತ್ತಿ ಕಾಗದದ ಸ್ಟಾರ್ ಮುದುರಿಕೊಂಡಿತು. ಎರಡೂ ಕೈಯಿಂದ ಅವರನ್ನು ತಬ್ಬಿ ಹಿಡಿದು ಗಿಡ್ಡಕ್ಕ ಹಾಗೇ ನಿಂತಳು.

ತೆರೆದ ಬಾಗಿಲಾಚೆ, ಎದುರು ಕೋಣೆಯ ಮೇಲೆ ಕೆಂಪು ದೀಪ ಹತ್ತಿತು. ಸ್ವಲ್ಪ ತಡೆದು, ಅದರ ಪಕ್ಕದ್ದೂ.