ಎದ್ದು ಕೂತವಳಿಗೆ ಔಷಧ

ನೂಲಿಗೆ ಹಚ್ಚುವ ಗಂಜಿ ಹುಳಿತಾಗ ಬರುವ ವಾಸನೆ ನೀಲಾಬಾಯಿಗೆ ಬುದ್ಧಿ ಬಂದಾಗಿನಿಂದ ಗೊತ್ತು. ಇಳಕಲ್ಲಿನ ಓಣಿಯೊಂದರಲ್ಲಿ ಆ ವಾಸನೆಯಲ್ಲೇ ಆಡಿ ಬೆಳೆದು, ಬಾಗಲಕೋಟೆಯಲ್ಲಿ ಕಾಲೇಜು ಕಲಿತು, ಅದೇ ಓಣಿಯ ಶಾಲೆಗೆ ಅಕ್ಕೋರಾಗಿ ಬಂದಿದ್ದಳು. ಸೆರಗು ಕೂಡಿಸುವ ದಿನ ನೇಯುವವರನ್ನು ಮಾತಾಡಿಸಬಾರದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಶುರು ಮಾಡಿದ ಕೈಯೇ ಮುಗಿಸಬೇಕು. ಕೈ ಬದಲಾದರೆ ಬಿಗಿ ಬದಲಾಗುತ್ತದೆ.

೧೯೮೦ರ ಆಚೀಚೆಯ ಮಾತು. ಪಕ್ಕದ ಮನೆಯ ಸೊಸೆ ಸಿದ್ದಲಿಂಗವ್ವ ಹಾಗೆ ಕೂತ ದಿನವೇ ಹಲ್ಲುನೋವು ಎದ್ದಿತು. ಏಳುವ ಹಾಗಿಲ್ಲ. ಮನೆಯಲ್ಲಿದ್ದ ಜ್ವರದ ಗುಳಿಗೆ, ಹಲ್ಲಿಗೆಂದು ಅಂಗಡಿಯಿಂದ ತರಿಸಿದ ಇನ್ನೊಂದು ಗುಳಿಗೆ, ಎರಡನ್ನೂ ಮಗ್ಗದ ಬದಿಗಿಟ್ಟುಕೊಂಡು, ನೋವು ಬಂದಾಗಲೆಲ್ಲ ಚುರುಮುರಿಯ ಹಾಗೆ ಬಾಯಿಗೆ ಹಾಕಿಕೊಂಡಳು. ಮಧ್ಯಾಹ್ನ ವಾಂತಿ ಶುರುವಾಯಿತು. ನೀಲಾಬಾಯಿ ಉಳಿದ ಗುಳಿಗೆಗಳ ಸಮೇತ ಅವಳನ್ನು ದವಾಖಾನೆಗೆ ನಡೆಸಿಕೊಂಡು ಹೋದಳು.

ಅಲ್ಲಿಯ ಹಿರಿಯ ಡಾಕ್ಟರು ಸಾಲಾಗಿ ಕೂತ ಮಂದಿಯ ಮುಂದೆಯೇ ಕೇಳಿದರು: "ಯಾಕವಾ, ಗಂಡನ ಕೂಡ ಜಗಳಾಡಿ ನುಂಗಿಯೇನು?"

"ಹಲ್ಲು ಬ್ಯಾನಿರಿ."

"ಎಲ್ಲಾರೂ ಹಿಂಗ ಅಂತಾರ."

ಬೆಂಚಿನ ಮೇಲಿದ್ದವರು ನಕ್ಕರು. ಡಾಕ್ಟರು ವಾಂತಿಗೆ ಒಂದು ಸೂಜಿ ಚುಚ್ಚಿ, ಏನೂ ಆಗೂದಿಲ್ಲ ಹೋಗ್ರಿ ಎಂದು ಕಳಿಸಿದರು.

ಹೊಸದಾಗಿ ಬಂದಿದ್ದ ಸಣ್ಣ ಡಾಕ್ಟರು ಮಲಿಕಾ ಅಂಗಳದವರೆಗೂ ಹಿಂದೆ ಓಡಿಬಂದಳು. "ಅಕ್ಕೋರ, ಎರಡೂ ಗುಳಿಗಿ ಒಂದೇ ಔಷಧಾರಿ, ಹೆಸರಷ್ಟ ಬ್ಯಾರೆ. ಎರಡೂ ಕೂಡಿ ವಿಷ ಆಗ್ಯಾದ. ಈಗ ಆರಾಮಾದಂಗ ಕಾಣ್ತಾರ. ಮುಂದ ಲಿವರ್ ಕೆಡ್ತದ, ಆವಾಗ ಏನ್ ಕೊಟ್ರೂ ತಡಾ ಆಗಿರ್ತದ. ಇದಕ್ಕ ಮೆಥಿಯೋನಿನ್ ಅಂತ ಮರುಮದ್ದು ಅದ. ಬಾಗಲಕೋಟಿಗಿ ನಾ ಫೋನ್ ಮಾಡ್ತೇನಿ. ಈಗ ಹೊಂಡ್ರಿ."

ಗಂಡನಿಗೆ ಹೇಳಿ ಹೊರಡೋಣವೆಂದು ಮನೆಗೆ ಬರುವಷ್ಟರಲ್ಲಿ ವಾಂತಿ ನಿಂತಿತ್ತು. ಸಿದ್ದಲಿಂಗವ್ವ ಅರ್ಧ ರೊಟ್ಟಿ ತಿಂದು ಮತ್ತೆ ಮಗ್ಗಕ್ಕೆ ಕೂತಳು. ಬಾಗಲಕೋಟೆಯ ಮಾತು ಕೇಳಿದ್ದೇ ಅತ್ತೆ ಲಗಮವ್ವ ಬಾಗಿಲಿಗೆ ಅಡ್ಡ ನಿಂತಳು.

"ಎದ್ದು ಕುಂತವರಿಗಿ ಯಾರರ ಔಷಧ ಕೊಡ್ತಾರೇನ್ರಿ? ದೊಡ್ಡ ದವಾಖಾನಿಗಿ ಹೋದ್ರ ಪೊಲೀಸರು ಬರ್ತಾರ. ಅತ್ತಿ ಕಾಟಕ್ಕ ನುಂಗ್ಯಾಳ ಅಂತ ಊರೆಲ್ಲಾ ಆಡ್ತದ."

"ಸ್ವಲ್ಪ ಎಳಿ ಉಳದಾವ್ರಿ ಅಕ್ಕೋರ, ಮುಗಿಸಿ ಬರ್ತೇನಿ," ಎಂದಳು ಸಿದ್ದಲಿಂಗವ್ವ, ತಲೆ ಎತ್ತದೆ.

ತರಗತಿಯಲ್ಲೂ ದನಿ ಎತ್ತದ ನೀಲಾಬಾಯಿಯ ದನಿ ಆ ಹೊತ್ತು ಓಣಿಯ ಆ ತುದಿಗೆ ಕೇಳಿಸಿತು.

"ಬೆಂಕಿ ಹಚ್ರಿ ಆ ಸೆರಗಿಗಿ! ಆಕಿ ಯಾಕ ನುಂಗಿದ್ಲು ಅಂತ ಎಲ್ಲಾರೂ ಕೇಳ್ತೀರಿ. ಏನು ಕೊಟ್ರ ಉಳೀತಾಳ ಅಂತ ಒಬ್ಬರೂ ಕೇಳವಲ್ರಿ! ನಿನ್ನ ಹೆಸರು ಉಳಿಲಾಕ ಸೊಸಿ ಸಾಯಬೇಕೇನ ಲಗಮವ್ವ? ಸತ್ತ ಮ್ಯಾಲ ಎದ್ದು ಬಂದು ನಿನ್ನ ಪರವಾಗಿ ಸಾಕ್ಷಿ ಹೇಳ್ತಾಳೇನ?"

ಲಗಮವ್ವ ಬಾಗಿಲು ಬಿಟ್ಟು ಸರಿದಳು. ಅಷ್ಟು ಹೊತ್ತು ಗೋಡೆಗೆ ಒರಗಿದ್ದ ಗಂಡ ಅಂದಪ್ಪ ಬಂದು ಹೆಂಡತಿಯ ಕೈಯಿಂದ ಎಳೆ ಬಿಡಿಸಿ ಎಬ್ಬಿಸಿದ.

ಬಾಗಲಕೋಟೆಯ ದಾರಿಯಲ್ಲಿ, ಅಮೀನಗಡದಲ್ಲಿ ಬಸ್ಸು ನಿಂತು, ಜನ ಕರದಂಟು ಕೊಳ್ಳಲು ಇಳಿದರು. ಸಂಗತಿ ತಿಳಿದ ಕಂಡಕ್ಟರ್ ಡ್ರೈವರನನ್ನು ಅರ್ಧ ಕುಡಿದ ಚಹಾದಿಂದ ಎಬ್ಬಿಸಿಕೊಂಡು ಬಂದ.

ಬಾಗಲಕೋಟೆಯಲ್ಲಿ ನರ್ಸು ಮರುಮದ್ದಿನ ಗುಳಿಗೆ ಹಿಡಿದೇ ಕಾಯುತ್ತಿದ್ದಳು. ಮೊದಲ ಸರದಿಯ ಗುಳಿಗೆ ಗಂಟಲಿಳಿದ ಮೇಲೆ ಅಲ್ಲಿಯವರೂ ಕೇಳಿದರು: ಮನೆಯಲ್ಲಿ ಜಗಳವೇ?

"ಹಲ್ಲು ಬ್ಯಾನಿ ಅಂತ ಬರಕೋರಿ!" ಎಂದಳು ನೀಲಾಬಾಯಿ. "ಹೆಣ್ಮಕ್ಕಳಿಗೂ ಹಲ್ಲು ಇರ್ತಾವ."

ಮೂರನೆಯ ದಿನವೂ ಸಿದ್ದಲಿಂಗವ್ವನ ಕಣ್ಣು ಹಳದಿಯಾಗಲಿಲ್ಲ. ರಕ್ತ ನೋಡಿದ ಡಾಕ್ಟರು, ಗೆದ್ದಿರಿ ಎಂದರು. ನೀಲಾಬಾಯಿಗೆ ಸಂತೋಷಕ್ಕಿಂತ ಮೊದಲು ಸಿಟ್ಟೇ ಬಂತು: ಆ ಬಾಗಿಲಿನಿಂದ ಲಗಮವ್ವ ಸರಿಯದೇ ಇದ್ದಿದ್ದರೆ?

ಅಷ್ಟರಲ್ಲಿ ಲಗಮವ್ವ ವಾರ್ಡಿನೊಳಗೆ ಬಂದಳು. ಸೊಸೆಯ ಹಣೆ ಮುಟ್ಟಿ ನೋಡಿದಳು. ಪೊಲೀಸರ ಮಾತು, ಸೆರಗಿನ ಮಾತು ಎತ್ತಲಿಲ್ಲ. ಬಗಲಲ್ಲಿದ್ದ ಗಂಟು ಬಿಚ್ಚಿ, ಬೆಳಗ್ಗೆ ಎದ್ದು ಬಡಿದ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ, ತಲೆ ತಗ್ಗಿಸಿಕೊಂಡು ಮೊದಲು ನೀಲಾಬಾಯಿಯ ಕೈಗೆ ಕೊಟ್ಟಳು.