ಚರ್ಚಿಗೆಂದು ಹೇಳಿ ಹೋದ ಸಂಜೆ

ಚರ್ಚಿನಲ್ಲಿ ಹಾಡಿನ ಅಭ್ಯಾಸವಿದೆ ಎಂದು ಗಂಡನಿಗೆ ಸುಳ್ಳು ಹೇಳಿ ವರ್ಲೀನ್ ಆ ಶುಕ್ರವಾರ ಸಂಜೆ ಮನೆಯಿಂದ ಹೊರಬಿದ್ದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಓಥಾನಿಗೆ ಸುಳ್ಳು ಹೇಳಿದ್ದೇ ಅಪರೂಪ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವನು, ನಿಧಾನವಾಗಿ ಬಾ, ನನಗೇನೂ ಅವಸರವಿಲ್ಲ ಎಂದದ್ದು ಅವಳನ್ನು ಇನ್ನಷ್ಟು ಚುಚ್ಚಿತು.

ಅವಳು ಹೋದದ್ದು ರೈಲುಹಳಿಯಾಚೆ ಇದ್ದ ಲುವೀನಿಯಾ ನಡೆಸುವ ಬ್ಲೂಸ್ ಹಾಡಿನ ಕ್ಲಬ್ಬಿಗೆ. ಮಿಸಿಸಿಪ್ಪಿಯ ಆ ಸಣ್ಣ ಊರಿನಲ್ಲಿ ಓಥಾ ಹಗಲು ಹತ್ತಿ ಗಿರಣಿಯಲ್ಲಿ ದುಡಿದು, ವಾರಕ್ಕೆರಡು ಸಂಜೆ ಅಲ್ಲಿ ಗಿಟಾರ್ ನುಡಿಸಿದ್ದ. ಒಂದೆರಡಲ್ಲ, ಇಪ್ಪತ್ತಾರು ವರ್ಷ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಆಮೇಲೆ ಒಂದು ದಿನ ರೇಡಿಯೋದಲ್ಲಿ ಬ್ಲೂಸ್ ಬಂದಾಗ ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ. ವರ್ಲೀನ್ ರೇಡಿಯೋವನ್ನು ಎತ್ತಿ ಬೀರುವಿನೊಳಗಿಟ್ಟಳು. ಆದರೆ ಆ ಹಾಡುಗಳು ಅವಳವೂ ಆಗಿದ್ದವಲ್ಲ!

ಲುವೀನಿಯಾ ಏನೂ ಕೇಳಲಿಲ್ಲ. ಮೂಲೆಯ ಮೇಜಿಗೆ ಕೂರಿಸಿ, ಮೆಕ್ಕೆಜೋಳದ ಹಿಟ್ಟು ಹಚ್ಚಿ ಗರಿಗರಿಯಾಗಿ ಕರಿದ ಮೀನು, ಹಂದಿಮೂಳೆ ಹಾಕಿ ಬೇಯಿಸಿದ ಸೊಪ್ಪು ತಂದಿಟ್ಟಳು. ಓಥಾ ಕೂರುತ್ತಿದ್ದ ಜಾಗದಲ್ಲಿ ಯಾರೋ ಹೊಸಬ ಗಿಟಾರ್ ಹಿಡಿದಿದ್ದ. ಮೊದಲ ಹಾಡಿಗೆ ವರ್ಲೀನ್ ತಟ್ಟೆಯಿಂದ ತಲೆಯೆತ್ತಲಿಲ್ಲ. ಮೂರನೆಯದಕ್ಕೆ ಕಾಲು ತಾನಾಗಿ ತಾಳ ಹಾಕಿತು. ಆಮೇಲೆ ಎದ್ದು ಕುಣಿದೇಬಿಟ್ಟಳು. ಅರ್ಧ ಗಂಟೆ ಓಥಾ ಎಂಬವನೊಬ್ಬ ಇದ್ದಾನೆಂಬುದೇ ಮರೆತುಹೋಯಿತು. ನೆನಪಾದಾಗ ಹಾಡು ಮುಗಿಯುವ ಮೊದಲೇ ತನ್ನ ಚೀಲ ಎತ್ತಿಕೊಂಡಳು.

ಹೊರಡುವಾಗ ಲುವೀನಿಯಾ ಬಿಸಿ ಪೊಟ್ಟಣವೊಂದನ್ನು ಕೈಗಿಟ್ಟು, ಓಥಾನಿಗೆ ಮೀನಿನ ಬಾಲದ ತುಂಡೇ ಇಷ್ಟವೆಂದು ಆರಿಸಿ ಕಟ್ಟಿದ್ದೇನೆ ಎಂದಳು. ಬೇಡವೆಂದರೆ ಕಾರಣ ಹೇಳಬೇಕು. ಒಯ್ದರೆ ಸುಳ್ಳು ಬಯಲಾಗುತ್ತದೆ. ಹಳಿ ದಾಟುವಾಗ ವರ್ಲೀನ್ ಅತ್ತಿತ್ತ ನೋಡಿ ಅದನ್ನು ಕಸದ ಡಬ್ಬಿಗೆ ಹಾಕಿದಳು.

ಓಥಾ ಎಚ್ಚರವಾಗಿಯೇ ಇದ್ದ. ಅವನ ಬೂಟು ಬಿಚ್ಚಲು ಅವಳು ಬಗ್ಗಿದಾಗ ಮೆಲ್ಲಗೆ ಕೇಳಿದ:

"ಗಿಟಾರ್ ಯಾರು ನುಡಿಸಿದ್ದು?"

ಅವಳ ತಲೆಗೂದಲಿಗೆಲ್ಲ ಕರಿದ ಎಣ್ಣೆಯ ವಾಸನೆ ಹತ್ತಿತ್ತು.

"ಯಾರೋ ಹೊಸಬ. ನಿನ್ನಷ್ಟು ಚೆನ್ನಾಗಿಲ್ಲ."

"ಮತ್ತೆ ಸುಳ್ಳು ಹೇಳ್ತೀಯ."

ಅವಳು ಬೂಟಿನ ದಾರ ಹಿಡಿದು ಕೂತೇ ಇದ್ದಳು. "ಚೆನ್ನಾಗೇ ನುಡಿಸಿದ," ಎಂದಳು.

"ಲುವೀನಿಯಾ ನಿನ್ನ ಬರಿಗೈಲಿ ಕಳಿಸಿದ್ಲಾ?"

ವರ್ಲೀನ್‌ಗೆ ಅಳು ತಡೆಯಲಾಗಲಿಲ್ಲ. ಕಸದ ಡಬ್ಬಿಯ ವಿಷಯವನ್ನೂ ಹೇಳಿದಳು. ಓಥಾ ಬಲಗೈಯನ್ನು ಅವಳ ತಲೆಯ ಮೇಲಿಟ್ಟ.

"ನೀನು ಹೋದದ್ದಕ್ಕೆ ನಂಗೇನೂ ಇಲ್ಲ ಕಣೆ. ಸತ್ತೋರ ಮನೆ ಥರ ಇಲ್ಲಿ ಸದ್ದಿಲ್ಲದೆ ಓಡಾಡ್ತೀಯಲ್ಲ, ಅದು ನೋಡಕ್ಕಾಗಲ್ಲ. ನಾನಿನ್ನೂ ಬದುಕಿದ್ದೀನಿ."

ಮುಂದಿನ ಶುಕ್ರವಾರ ಅವನೇ ಹೋಗೆಂದ, ಅವಳು ಹೋಗಲಿಲ್ಲ. ಅದರ ಮುಂದಿನ ವಾರ ಹೇಳಿಯೇ ಹೋದಳು. ಬಾಗಿಲ ಬಳಿ ಕೂತು, ಎರಡು ಹಾಡು ಕೇಳಿ, ಹೊಸಬ ಮೂರನೆಯದಕ್ಕೆ ತಂತಿ ಬಿಗಿಯುತ್ತಿದ್ದಾಗ, ಕಾಲು ತಾಳ ಹಾಕುವ ಮೊದಲೇ, ಎದ್ದು ಬಂದಳು.