ಕೊನೆಯ ಸಲ ಕೇಳಿದ ಹೊತ್ತು

"ಇಪ್ಪತ್ತು ವರ್ಷದ ಮದುವೆಗಳನ್ನೆಲ್ಲ ಇವತ್ತು ಒಂದೇ ಬೆಳಿಗ್ಗೆ ಮಾಡಿ ಮುಗಿಸಿದೀಯಲ್ಲೇ!" ಹಮ್ಮಾದಿ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿ ಕೂಗಿದ.

ಮಗಳು ಸೌಸನ್ ಬಗ್ಗಿ ನೋಡಿದಳು. ಅಪ್ಪ ಮದುವೆಗಳಲ್ಲಿ ಹಿಡಿದಿಟ್ಟ ಹಾಡುಗಳೆಲ್ಲ ಹಳೇ ಡಿಸ್ಕಿನಿಂದ ಹೊಸದಕ್ಕೆ ಬಂದಿದ್ದವು, ಒಂದೂ ಕೆಟ್ಟಿರಲಿಲ್ಲ. ಆದರೆ ಎಲ್ಲಕ್ಕೂ ಇವತ್ತಿನ ತಾರೀಕು ಬಿದ್ದಿತ್ತು. ಸ್ಫಾಕ್ಸ್ ಊರಿನ ಮದುವೆಮನೆಗಳಲ್ಲಿ ಒಳಕೋಣೆಯ ಹೆಂಗಸರು ದನಿ ಕೊಡುತ್ತಿದ್ದರು, ಹೆಸರು ಕೊಡುತ್ತಿರಲಿಲ್ಲ. ಹೆಸರನ್ನು ಎಲ್ಲೂ ಬರೆಯುವುದಿಲ್ಲವೆಂದು ಮಾತು ಕೊಟ್ಟೇ ಹಮ್ಮಾದಿ ತನ್ನ ಹೆಂಡತಿ ಮಬ್ರೂಕಾಳ ಕೈಲಿ ದನಿ ಹಿಡಿಯುವ ಯಂತ್ರ ಕೊಟ್ಟು ಒಳಗೆ ಕಳಿಸುತ್ತಿದ್ದ. ಯಾವ ದನಿ ಯಾರದೆಂದು ಅವನು ತಾರೀಕು ನೋಡಿಯೇ ಹೇಳುತ್ತಿದ್ದ. ತಾರೀಕು ಹೋದರೆ ಅವನ ಪಾಲಿಗೆ ಹಾಡಿದವರೂ ಹೋದಂತೆ.

"ಹಾಡಿದ ತಾರೀಕು ಹಳೇ ಡಿಸ್ಕಲ್ಲಿ ಹಾಗೇ ಇದೆ ಬಾಬಾ. ಪ್ರತಿ ಫೈಲಿಗೂ ಎರಡು ಹೊತ್ತು ಇರತ್ತೆ. ಕೊನೇ ಸಲ ತೆರೆದದ್ದು ಒಂದು, ಬದಲಾಯಿಸಿದ್ದು, ಅಂದ್ರೆ ಹಾಡು ಹಿಡಿದದ್ದು, ಒಂದು. ಇವನ್ನ ಹೀಗಿಡು ಅಂತ ಸಿಸ್ಟಮ್ಮಿಗೇ ಹೇಳಬಹುದು. ತಾಳು, ಸಣ್ಣದೊಂದು ಪ್ರೋಗ್ರಾಂ ಬರೀತೀನಿ."

ಮೊದಲ ಸಲ ಅಂಕಿ ತುಂಬಲು ಮರೆತು ಸೊನ್ನೆಯನ್ನೇ ಕಳಿಸಿದಳು. ಹಾಡು ಹೋಗಿ ಕಂಪ್ಯೂಟರಿನ ಕಾಲದೆಣಿಕೆ ಶುರುವಾಗುವ ೧೯೭೦ರ ಜನವರಿಯಲ್ಲಿ ಕೂತಿತು.

"ಭೇಷ್! ಆಗ ನಾನು ಕೆರ್ಕೆನ್ನಾ ದ್ವೀಪದಲ್ಲಿ ಚಡ್ಡಿ ಹಾಕ್ಕೊಂಡು ಆಕ್ಟೋಪಸ್ ಹಿಡೀತಿದ್ದೆ. ಇದೇನಾ ಎಂಜಿನಿಯರಮ್ಮಾ ನೀನು ಓದಿದ್ದು?"

ಎರಡನೆಯ ಸಲ ವರ್ಷಗಳು ಸಾಲಾಗಿ ತಂತಮ್ಮ ಜಾಗಕ್ಕೆ ಬಂದವು. ಹಮ್ಮಾದಿ ಬೆರಳಿಟ್ಟು ಒಬ್ಬೊಬ್ಬರನ್ನೇ ಗುರುತಿಸುತ್ತ ಹೋದ. ಒಂದು ಕಡೆ ಬೆರಳು ನಿಂತಿತು.

"ನಿಮ್ಮಮ್ಮ ಹಾಡಿದ ತಾರೀಕು ಸರಿಯಾಗಿದೆ. ಕೇಳಿದ್ದು ಮಾತ್ರ ಇವತ್ತು ಅಂತಿದೆ."

ಸೌಸನ್ ಹಳೇ ಡಿಸ್ಕನ್ನೂ ತೆರೆದು ನೋಡಿದಳು. ನಕಲು ಮಾಡುವಾಗ ತಾನೇ ಎಲ್ಲವನ್ನೂ ತೆರೆದಿದ್ದಳು. ಹಳೇ ಡಿಸ್ಕಿನಲ್ಲೂ ಆ ಹೊತ್ತು ಅಳಿಸಿಹೋಗಿತ್ತು. ಕೊನೆಯ ಸಲ ಆಸ್ಪತ್ರೆಗೆ ಹೊರಡುವ ಮೊದಲು ಅಮ್ಮ ತನ್ನ ಹಾಡನ್ನು ತಾನೇ ಕೇಳಿ ನಕ್ಕಿದ್ದಳು. ಆಮೇಲೆ ಅಪ್ಪ ಅದನ್ನು ಮುಟ್ಟಿರಲಿಲ್ಲ. ಆ ದನಿ ಕೇಳಲಾರದೆ ಮುಟ್ಟುತ್ತಿಲ್ಲವೆಂದೇ ಇಷ್ಟು ವರ್ಷ ಸೌಸನ್ ಅಂದುಕೊಂಡಿದ್ದಳು. ಅವನು ಅಳಿಯದಂತೆ ಕಾಯುತ್ತಿದ್ದದ್ದು ಆ ಹೊತ್ತನ್ನು.

"ನೆನಪಿದೆಯಾ ಬಾಬಾ?"

ಹಮ್ಮಾದಿ ತಾರೀಕು, ಗಂಟೆ, ನಿಮಿಷವನ್ನು ಒಂದೇ ಉಸಿರಿಗೆ ಹೇಳಿದ. ಸೌಸನ್ ಕೈಯಾರೆ ಬರೆದಳು. ತೆರೆದ ಹೊತ್ತು ಮೊದಲ ಜಾಗಕ್ಕೆ, ಬದಲಾಯಿಸಿದ್ದು ಎರಡನೆಯದಕ್ಕೆ. ಹಿಂದುಮುಂದಾಗಿಲ್ಲವೆಂದು ಮತ್ತೆ ನೋಡಿಕೊಂಡು ಗುಂಡಿ ಒತ್ತಿದಳು. ಅಮ್ಮ ಕೇಳಿದ ಸಂಜೆ ಪರದೆಯ ಮೇಲೆ ಬಂದು ಕೂತಿತು.

ಹಮ್ಮಾದಿ ಎದ್ದವನೇ ಕಿಟಕಿಗೆ ಹೋಗಿ, ಎದುರಂಗಡಿಯ ಕ್ಷೌರಿಕನತ್ತ ಕೂಗಿದ.

"ಏ ಮುನ್ಸಿಫ್! ನನ್ನ ಮಗಳು ಹೋದ ಹೊತ್ತನ್ನ ವಾಪಸ್ ತಂದು ಕೂರಿಸಿದಾಳೆ ಕಣೋ!"

"ಹಾಗಾದ್ರೆ ನನ್ನ ಕೂದಲನ್ನೂ ತರಿಸಪ್ಪ!"

ಸೌಸನ್‌ಗೆ ನಗು ಬಂತು, ಹೆಮ್ಮೆಗೆ ಕಿವಿಯೂ ಕೆಂಪಾಯಿತು. ಅಪ್ಪ ಬೀದಿಯಲ್ಲಿ ತನ್ನನ್ನು ಹೊಗಳಿದ್ದು ಇದೇ ಮೊದಲು. ಅವನು ತಿರುಗಿ ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತ.

"ಹಾಕು."

"ಹಾಕಿದರೆ ಆ ಹೊತ್ತು ಮತ್ತೆ ಹೋಗತ್ತೆ ಬಾಬಾ."

"ಹೋಗ್ಲಿ ಬಿಡು. ವಾಪಸ್ ಇಡೋಳು ಮನೇಲೇ ಇದಾಳೆ."

ಮೊದಲು ದರ್ಬುಕಾ ಡೋಲಿನ ಬಡಿತ ಬಂತು, ಅದರ ಹಿಂದೆ ಮಬ್ರೂಕಾಳ ದನಿ. ಎದುರಂಗಡಿಯಲ್ಲಿ ಮುನ್ಸಿಫ್‌ನ ಕತ್ತರಿ ನಿಂತಿತು. ಹಮ್ಮಾದಿ ಕೈ ಚಾಚಿ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದ.